ದಾಕ್ಷಿಣ್ಯ ತೆಗೆಸಿದ ದಿನ

ಅಂಗಡಿ ಇಡುವವರು ಮೊದಲು ದಾಕ್ಷಿಣ್ಯ ತೆಗೆಸಿಕೊಳ್ಳಬೇಕೆಂದು ಕಾನೂನೇ ಇತ್ತು. ಕಿವಿಯ ಹಿಂದೆ ಒಂದು ಸೂಜಿ, ಇರುವೆ ಕಚ್ಚಿದಷ್ಟು ನೋವು. ಆಮೇಲೆ ಜೊತೆಗೆ ಬಂದ ಸಂಬಂಧಿಕರಿಗೆ ಏನನ್ನಾದರೂ ಬೇಡವೆಂದು ಹೇಳಿ ತೋರಿಸಿದರೆ ಪರವಾನಗಿ.

ಮನೆಯಲ್ಲೇ ಜೋಳದ ರೊಟ್ಟಿ ಮಾರುತ್ತಿದ್ದ ಫಕೀರವ್ವ, ಕೇಳಿದವರಿಗೆಲ್ಲ ಪುಕ್ಕಟೆ ಕೊಟ್ಟು ಸಾಕಾಗಿ, ಅಕ್ಕ ಕಲ್ಲವ್ವನನ್ನು ಕರೆದುಕೊಂಡು ಪರವಾನಗಿ ಕಚೇರಿಗೆ ಬಂದಿದ್ದಳು. ಎಂಟು ವರ್ಷದಿಂದ ದಿನಾ ಬೆಳಿಗ್ಗೆ ಬಂದು ರೊಟ್ಟಿ ಬಡಿದುಕೊಡುತ್ತಿದ್ದವಳು ಅಕ್ಕನೇ.

ಸೂಜಿ ಕಿತ್ತ ಗುಮಾಸ್ತ, "ಹೂಂ, ಹೇಳ್ರಿ ಈಗ" ಅಂದ.

"ಅಕ್ಕಾ, ನಿನ್ನ ಕೈ ನಡಗತಾವ. ರೊಟ್ಟಿ ಹರೀತಾವ. ನಾಳಿಂದ ಬರಬ್ಯಾಡ."

"ಭೇಷ್!" ಗುಮಾಸ್ತ ಠಸ್ಸೆ ಒತ್ತಿದ. "ಕೆಲವರು ಇಲ್ಲಿ ಚಾ ಬ್ಯಾಡ ಅಂದು ಮುಗಸ್ತಾರ."

ಕಲ್ಲವ್ವ ಸೆರಗಿನಲ್ಲಿ ಕೈ ಮುಚ್ಚಿಕೊಂಡಳು. "ನಿನ್ನ ರೊಟ್ಟಿ ಬಡದು ಬಡದು ನಡಗಾಕ ಹತ್ಯಾವ ತಂಗೀ. ಡಾಕ್ಟರು ಹೋದ ವರ್ಷನ ಬಿಡು ಅಂದಿದ್ರು. ನಿನಗ ಹೆಂಗ ಹೇಳೂದು ಅಂತ ದಾಕ್ಷಿಣ್ಯ ಆತು."

ಫಕೀರವ್ವನಿಗೆ ಅಳು ಬರಬೇಕಿತ್ತು. ನಾಳೆಯ ಇನ್ನೂರು ರೊಟ್ಟಿಗೆ ಯಾರನ್ನು ಕರೆಯಲೆಂದು ಯೋಚಿಸುತ್ತ, ಅಕ್ಕನಿಗೆ ಕಾಯದೆ, ಮೆಟ್ಟಿಲಿಳಿದು ಹೋದಳು.