ಪೆಟ್ಟಿಗೆಯ ಮೇಲಿನ ನಗು

ಶಾಸಕರ ಉಚಿತ ಸೇವೆಯ ಫ್ರೀಜರ್ ಪೆಟ್ಟಿಗೆಯೊಳಗೆ ಗಂಡನ ಹೆಣವನ್ನು ಮಲಗಿಸಿದ ಮೇಲೆಯೇ ಆಕೆ ಅದನ್ನು ನೋಡಿದ್ದು. ಪೆಟ್ಟಿಗೆಯ ತಲೆಯ ಕಡೆ ಶಾಸಕರ ದೊಡ್ಡ ಫೋಟೋ ಕೈಮುಗಿದು ನಗುತ್ತಿತ್ತು.

"ಆ ಮುಖ ಕಿತ್ತು ತೆಗಿ."

"ಬರಲ್ಲಕ್ಕಾ, ಗಟ್ಟಿ ಸ್ಟಿಕ್ಕರ್ ಅದು," ಎಂದ ಶಾಸಕರ ಕಚೇರಿಯವನು, ಮೊಬೈಲ್ ಹೊರತೆಗೆಯುತ್ತ. "ಸ್ವಲ್ಪ ಪಕ್ಕಕ್ಕೆ ನಿಂತ್ಕೊಳ್ಳಿ. ಕ್ಷೇತ್ರದ ಸುದ್ದಿ ಗ್ರೂಪಿಗೆ ಒಂದು ಫೋಟೋ ಹಾಕ್ಬೇಕು."

"ಕೆರೆ ನುಂಗಿದ ಅಂತ ನಿಮ್ಮ ಸಾಹೇಬ್ರ ಮೇಲೆ ಕೇಸು ಹಾಕಿದ್ದೇ ನಮ್ಮನೆಯವರು. ಅವರನ್ನ ಅವನ ಹಲ್ಲಿನ ಕೆಳಗೆ ಮಲಗಿಸ್ತೀಯಾ?"

"ಹಾಗಾದ್ರೆ ಇಳಿಸ್ಕೊಳ್ಳಿ, ಪೆಟ್ಟಿಗೆ ತಗೊಂಡು ಹೋಗ್ತೀನಿ. ಊರಲ್ಲಿರೋದು ಇದೊಂದೇ. ಮಗಳು ಸೂರತ್‌ನಿಂದ ನಾಳೆ ಬರೋವರೆಗೆ ಹೆಂಗೆ ಇಟ್ಕೊತೀರೋ ಇಟ್ಕೊಳ್ಳಿ. ಬದುಕಿರೋತನಕ ಬೈಕೊಂಡು ತಿರುಗಿದ್ರು, ಈಗ ಸಾಹೇಬ್ರ ತಂಪೇ ಬೇಕಾಯ್ತಲ್ಲ."

ಆಕೆ ಗಂಡನಿಗೆಂದು ತಂದಿಟ್ಟಿದ್ದ ಸೇವಂತಿಗೆ ಹಾರವನ್ನು ಎತ್ತಿ ಶಾಸಕರ ಫೋಟೋದ ಸುತ್ತ ಇಳಿಬಿಟ್ಟಳು. ಫೋಟೋದ ಹಣೆಗೆ ಕುಂಕುಮ ಇಟ್ಟಳು. ಮುಂದೆ ದೀಪ ಹಚ್ಚಿ, ಊದುಬತ್ತಿ ಸಿಕ್ಕಿಸಿ, ಅವನು ಹೇಳಿದಂತೆಯೇ ಪಕ್ಕಕ್ಕೆ ಸರಿದು ನಿಂತಳು.

"ಈಗ ತೆಗಿ ಫೋಟೋ. ಗ್ರೂಪಿನವರೆಲ್ಲ ನಿಮ್ಮ ಸಾಹೇಬ್ರಿಗೆ ಓಂ ಶಾಂತಿ ಹಾಕ್ಲಿ."

ಬಾಗಿಲಲ್ಲಿ ನಿಂತಿದ್ದ ಅಕ್ಕಪಕ್ಕದವರ ಮೊಬೈಲುಗಳು ಒಂದೊಂದಾಗಿ ಮೇಲೆದ್ದವು.

ಕಚೇರಿಯವನು ತನ್ನ ಮೊಬೈಲನ್ನು ಜೇಬಿಗೆ ತುರುಕಿಕೊಂಡು, ಮಂಡಿಯೂರಿ, ಎರಡೂ ಕೈಯ ಉಗುರುಗಳಿಂದ ಸ್ಟಿಕ್ಕರನ್ನು ಕೆರೆಯತೊಡಗಿದ.