ಟೈಮ್‌ಔಟಿನಲ್ಲಿ ಹೇಳಿದ್ದು

"ಚೆಂಡು ಪೂರ್ವಿಗೇ ಕೊಡಿ. ಅವಳೇ ಹಾಕಬೇಕು," ಎಂದು ಕೋಚ್ ಗದಿಗೆಮ್ಮ ತನ್ನ ಕಲಬುರಗಿ ಹಿಂದಿಯಲ್ಲಿ ಹೇಳಿದಳು. ಉಪ್ಪಲ್‌ನಲ್ಲಿ ಅಂತರ ಕಾಲೇಜು ಬಾಸ್ಕೆಟ್‌ಬಾಲ್ ಫೈನಲ್. ಆಟ ಮುಗಿಯಲು ಕೆಲವೇ ಸೆಕೆಂಡು ಬಾಕಿ, ತಂಡ ಒಂದು ಪಾಯಿಂಟ್ ಹಿಂದೆ.

ಬೆವರಿಳಿಯುತ್ತಿದ್ದ ಹುಡುಗಿಯರು ತಲೆಯಾಡಿಸಿದರು. ಆದರೆ ಅವರ ಕಣ್ಣೆಲ್ಲ ಗದಿಗೆಮ್ಮಳ ಹಿಂದೆ ನಿಂತಿದ್ದ ಸಹಾಯಕ ಕೋಚ್ ವರ್ಷಾಳ ಮೇಲೆ.

"ಮ್ಯಾಡಂ, ಪೂರ್ವಿ ಮ್ಯಾಲೆ ಇಬ್ಬರು ಬೀಳ್ತಾರ್ರಿ," ವರ್ಷಾ ಕನ್ನಡದಲ್ಲಿ ಮೆಲ್ಲಗೆ ಅಂದಳು. "ಆಗ ಕೃಪಾನ್ನ ಕಾಯೋರು ಯಾರೂ ಇರಂಗಿಲ್ಲ." ಪೂರ್ವಿಯದೂ ಕನ್ನಡದ ಮನೆ, ಅವಳಿಗೂ ಕೇಳಿಸಿತು.

ಮಾತು ಸರಿಯಾಗಿತ್ತು. ಅದಕ್ಕೇ ಗದಿಗೆಮ್ಮಳ ಮೈ ಉರಿಯಿತು. ವರ್ಷಾಳಿಗೆ ಆಟ ಕಲಿಸಿದ್ದೇ ಅವಳು. ಅಮೀರ್‌ಪೇಟ್‌ನಲ್ಲಿ ಕಂಪ್ಯೂಟರ್ ಕೋರ್ಸ್ ಮಾಡಿ ಸಾಫ್ಟ್‌ವೇರ್ ಕೆಲಸ ಹಿಡಿದಿದ್ದ ಹುಡುಗಿ, ಬೇಸರವಾಯಿತೆಂದು ಅದನ್ನು ಬಿಟ್ಟು ಅಂಗಳಕ್ಕೆ ಮರಳಿದ್ದಳು. ಗದಿಗೆಮ್ಮಳಿಗಾದರೋ ಈ ಅಂಗಳ ಬಿಟ್ಟರೆ ಬೇರೆ ಏನೂ ಇರಲಿಲ್ಲ. ಮೊನ್ನೆ ಅವಳು ಜ್ವರ ಬಂದು ಮಲಗಿದ್ದಾಗಲೇ ತಂಡ ಸೆಮಿಫೈನಲ್ ಗೆದ್ದಿತ್ತು. ಅಂದಿನಿಂದ ಹುಡುಗಿಯರ ಬಾಯಲ್ಲಿ ಬರೀ ವರ್ಷಾಳ ಹೆಸರು.

"ಕೋಚ್ ನಾನೋ, ನೀನೋ? ಸುಮ್ನಿರು."

ವರ್ಷಾ ಒಂದು ಹೆಜ್ಜೆ ಹಿಂದೆ ಸರಿದಳು.

ಸೀಟಿ ಕೇಳಿತು. ಚೆಂಡು ಪೂರ್ವಿಯ ಕೈಗೇ ಬಂತು. ಇಬ್ಬರು ಅವಳನ್ನು ಮುತ್ತಿದರು. ಅವಳು ಬುಟ್ಟಿಯ ಕಡೆ ನೋಡಲೂ ಇಲ್ಲ, ಸರಕ್ಕನೆ ಕೃಪಾಳಿಗೆ ದಾಟಿಸಿದಳು. ಕೃಪಾ ಎಸೆದಳು. ಚೆಂಡು ರಿಂಗಿನ ಮೇಲೆ ಹೊರಳಾಡುವಾಗ ಗದಿಗೆಮ್ಮ 'ಒಳಗ ಹೋಗಬ್ಯಾಡ' ಅಂದುಕೊಂಡಳು. ಅಂದುಕೊಂಡದ್ದಕ್ಕೆ ತಾನೇ ಬೆಚ್ಚಿದಳು. ಚೆಂಡು ಬಲೆಯೊಳಗೆ ಇಳಿಯಿತು.

ಕಪ್ ಕೊಡಲು ಬಂದಿದ್ದವರು ಸೀತಾರಾಮ, ಒಂದು ಹೊಸ ಸಾಫ್ಟ್‌ವೇರ್ ಕಂಪನಿಯ ಮ್ಯಾನೇಜರ್. ಕಂಪನಿಯ ಮಹಿಳಾ ತಂಡಕ್ಕೆ ಅವರು ಕೋಚ್ ಹುಡುಕುತ್ತಿರುವುದು ಎಲ್ಲರಿಗೂ ಗೊತ್ತಿತ್ತು.

"ಪೂರ್ವಿಯೇ ಹಾಕುತ್ತಾಳೆ ಅಂತ ನಾವೆಲ್ಲ ಕಾಯುತ್ತಿದ್ದೆವು," ಅವರು ನಗುತ್ತ ಹಿಂದಿಯಲ್ಲಿ ಕೇಳಿದರು. "ಕೃಪಾಗೆ ಕೊಡುವ ಉಪಾಯ ಯಾರದು?"

"ನನ್ನದೇ," ಎಂದಳು ಗದಿಗೆಮ್ಮ. ಮಾತು ಆಗಲೇ ಬಾಯಿಂದ ಜಾರಿತ್ತು.

ಸೀತಾರಾಮ ವರ್ಷಾಳತ್ತ ತಿರುಗಿದರು.

"ಹೌದು ಸರ್, ಮ್ಯಾಡಂದೇ," ಎಂದಳು ವರ್ಷಾ, ಒಂದಿಷ್ಟೂ ತಡವರಿಸದೆ.

ಸುತ್ತ ನಿಂತಿದ್ದ ಹುಡುಗಿಯರೆಲ್ಲ ಒಮ್ಮೆಲೇ ಬಗ್ಗಿ, ಬಿಚ್ಚದೇ ಇದ್ದ ಶೂ ಲೇಸು ಕಟ್ಟತೊಡಗಿದರು.