ಅಡಿಕೆ ಕರೆಯ ಬೆರಳು

"ಎಂಬತ್ತೈದು!" ಎಂದಳು ನರ್ಸಿಂಗ್ ಕಲಿಯುತ್ತಿದ್ದ ಪವಿತ್ರ, ಜ್ವರವೆಂದು ಬಂದಿದ್ದ ತಿಪ್ಪಮ್ಮನ ಬೆರಳಿಗೆ ಸಿಕ್ಕಿಸಿದ್ದ ಆಕ್ಸಿಮೀಟರ್ ನೋಡಿ. ರಕ್ತದ ಆಕ್ಸಿಜನ್ ಅಂಕಿ ಅದು, ತೊಂಬತ್ತೈದರ ಮೇಲಿರಬೇಕು.

ಹಿರಿಯ ನರ್ಸ್ ಸಿದ್ದಲಿಂಗಮ್ಮ ಮೇಡಂ ಬರೆಯುತ್ತಿದ್ದ ಚೀಟಿಯಿಂದ ತಲೆ ಎತ್ತಲೂ ಇಲ್ಲ. "ಬೆರಳು ನೋಡೇ ತಾಯಿ, ಅಡಿಕೆ ಸುಲಿದು ಸುಲಿದು ಹೆಂಗೆ ಕಪ್ಪಗಾಗೈತೆ. ಕರೆ ಇದ್ದರೆ ಮಿಷಿನ್ನು ಹಿಂಗೇ ಸುಳ್ಳು ಹೇಳ್ತೈತೆ. ಮಾತ್ರೆ ಕೊಟ್ಟು ಕಳಿಸು."

ಚನ್ನಗಿರಿ ಕಡೆ ಅಡಿಕೆ ಸುಲಿಯುವ ಕಾಲ. ಹದಿನೈದು ದಿನದಿಂದ ಆಸ್ಪತ್ರೆಗೆ ಬರೀ ಕಪ್ಪು ಬೆರಳುಗಳೇ ಬರುತ್ತಿದ್ದವು. ಮೊದಮೊದಲು ಮೇಡಂ ಕಾಲ್ಬೆರಳಿಗೂ ಸಿಕ್ಕಿಸಿ ನೋಡುತ್ತಿದ್ದರು. ಪ್ರತಿ ಸಲವೂ ಅಲ್ಲಿ ಅಂಕಿ ಸರಿಯಾಗಿಯೇ ಇರುತ್ತಿತ್ತು. ಆಮೇಲೆ ನೋಡುವುದನ್ನೇ ಬಿಟ್ಟರು. "ಆಕ್ಸಿಜನ್ ಸರಿ ಇದ್ದರೆ ಮನೆಗೆ ಕಳಿಸಿ" ಎಂದು ಹೇಳಿ ಡಾಕ್ಟರು ಆಪರೇಷನ್ನಿಗೆ ಹೋಗಿದ್ದರು. ತಿಪ್ಪಮ್ಮನ ಗಂಡ ರಂಗಣ್ಣನಿಗೋ ಊರಿಗೆ ಹೋಗುವ ಉಬ್ರಾಣಿ ಬಸ್ಸಿನ ಚಿಂತೆ. "ಬರೀ ಜ್ವರ ಬಿಡ್ರೀ. ಅಂಗಳದ ತುಂಬ ಅಡಿಕೆ ಬಿದ್ದೈತೆ, ಸುಲಿಯೋರು ಕಾಯ್ತಾ ಕುಂತವ್ರೆ" ಎಂದು ಬಾಗಿಲಲ್ಲೇ ಗೊಣಗುತ್ತಿದ್ದ.

ಪವಿತ್ರ ಜಗಳೂರು ಕಡೆಯ ಹುಡುಗಿ. ಮೆಕ್ಕೆಜೋಳ, ಶೇಂಗಾ ನೋಡಿ ಬೆಳೆದವಳಿಗೆ ಅಡಿಕೆ ಕರೆಯ ಮಹಿಮೆ ಏನು ಗೊತ್ತು? ಗೊತ್ತಿಲ್ಲದಿದ್ದದ್ದೇ ಒಳ್ಳೆಯದಾಯಿತು ಅನ್ನಿ. ಕೊನೆಯ ವರ್ಷದ ನರ್ಸಿಂಗ್ ಹುಡುಗಿಯರಿಗೆ ಪ್ರತಿ ಗುರುವಾರ ವಾದದ ಕ್ಲಾಸು ತೆಗೆದುಕೊಳ್ಳುತ್ತಿದ್ದವರು ಇದೇ ಮೇಡಂ. "ನಾಳೆ ವಾರ್ಡು ನಡೆಸೋರು ನೀವು. ದೊಡ್ಡೋರು ಹೇಳಿದ್ರು ಅಂತ ಒಪ್ಪಬೇಡ್ರಿ. ಹೆಂಗೆ ಗೊತ್ತು ಅಂತ ಕೇಳ್ರಿ. ಕೂಗಾಡೋದು ವಾದ ಅಲ್ಲ. ಎದುರಿಗಿರೋರ ಕಣ್ಣಿಗೆ ಕಾಣಂಗೆ ತೋರ್ಸೋದು ವಾದ." ಸರಿ, ಆದರೆ ಹಾಗೆ ಹೇಳಿಕೊಟ್ಟವರನ್ನೇ ಕೇಳುವುದೆಂದರೆ ಸುಮ್ಮನೆ ಮಾತೇ? ಇಂಟರ್ನಲ್ ಮಾರ್ಕ್ಸು ಬೇರೆ ಅವರ ಕೈಯಲ್ಲಿತ್ತು.

"ಹೆಂಗೆ ಗೊತ್ತು ಮೇಡಂ?" ಪವಿತ್ರ ಕೇಳಿಯೇಬಿಟ್ಟಳು.

"ಏನು?"

"ಇದು ಕರೆಯಿಂದಾನೇ ಅಂತ. ಇವರು ಒಂದು ಮಾತು ಆಡಾಕೆ ಎರಡು ಸಲ ಉಸಿರು ಎಳಕಂತಾರೆ. ಎಣಿಸಿದೆ, ನಿಮಿಷಕ್ಕೆ ಮೂವತ್ನಾಲ್ಕು."

"ಇಪ್ಪತ್ತು ವರ್ಷದಿಂದ ಈ ಬೆರಳು ನೋಡಿದೀನಿ ಕಣೇ. ನಂಗೇ ಪಾಠ ಮಾಡಾಕೆ ಬಂದ್ಯಾ?"

ಇದೇ ಸಮಯವೆಂದು ರಂಗಣ್ಣ ಒಳಗೆ ಬಂದು, "ಏಳೇ, ಬಸ್ಸು ಹೋಗ್ತೈತೆ" ಎಂದು ಹೆಂಡತಿಯ ಕೈ ಹಿಡಿದ. ಪವಿತ್ರ ಆ ಎರಡು ಕೈಗಳನ್ನು ನೋಡಿದಳು. ಎರಡೂ ಒಂದೇ ಕಪ್ಪು.

"ಅಣ್ಣಾ, ಒಂದು ನಿಮಿಷ ನಿಮ್ಮ ಬೆರಳು ಕೊಡ್ರಿ."

"ನಂಗೇನಾಗೈತಮ್ಮ? ಗುಂಡುಕಲ್ಲಿನಂಗಿದೀನಿ!"

"ಅದಕ್ಕೇ ಕೇಳಿದ್ದು, ಕೊಡ್ರಿ."

ತೊಂಬತ್ತೆಂಟು. ಅದೇ ಮಿಷಿನ್ನನ್ನು ಬಿಚ್ಚಿ ಮತ್ತೆ ತಿಪ್ಪಮ್ಮನ ಬೆರಳಿಗೆ ಸಿಕ್ಕಿಸಿದಳು. ಎಂಬತ್ತನಾಲ್ಕು.

"ಕರೆ ಇಬ್ಬರಿಗೂ ಐತಲ್ಲ ಮೇಡಂ" ಎಂದಳು ಮೆಲ್ಲಗೆ.

ಮೇಡಂ ದಡಕ್ಕನೆ ಎದ್ದು ಬಂದು ತಿಪ್ಪಮ್ಮನ ಕಾಲ್ಬೆರಳಿಗೆ ತಾವೇ ಸಿಕ್ಕಿಸಿ ನೋಡಿದರು. ಅಲ್ಲೂ ಎಂಬತ್ತನಾಲ್ಕೇ. ಅಯ್ಯೋ ಶಿವನೇ ಎಂದವರೇ ಆಕ್ಸಿಜನ್ ಹಚ್ಚಿದರು, ಡಾಕ್ಟರನ್ನು ಕರೆಸಿದರು, ದಾವಣಗೆರೆಗೆ ಆಂಬುಲೆನ್ಸ್ ಹೊರಡಿಸಿದರು. ಬಸ್ಸು ಬಸ್ಸು ಅನ್ನುತ್ತಿದ್ದ ರಂಗಣ್ಣನೇ ಸ್ಟ್ರೆಚರ್ ತಳ್ಳಿಕೊಂಡು ಓಡಿದ.

ಸಂಜೆ ಡಾಕ್ಟರು ಬಂದು ಹೇಳಿದರು, "ಎರಡೂ ಶ್ವಾಸಕೋಶಕ್ಕೆ ನ್ಯುಮೋನಿಯಾ ಅಂತೆ. ಮನೆಗೆ ಹೋಗಿದ್ದರೆ ಉಳೀತಿರಲಿಲ್ಲ. ಒಳ್ಳೆ ಕೆಲಸ ಮಾಡಿದ್ರಿ ಸಿದ್ದಲಿಂಗಮ್ಮ."

"ನಾನಲ್ಲ ಸರ್! ನಾನು ಬಸ್ಸು ಹತ್ತಿಸ್ತಿದ್ದೆ. ನನ್ನ ಹುಡುಗಿ, ಜಗಳೂರು ಪವಿತ್ರ, ನನ್ನ ಬಾಯಿ ಮುಚ್ಚಿಸಿದ್ಲು." ಮಗಳಿಗೆ ರ‍್ಯಾಂಕು ಬಂತೆಂದು ಬೀದಿಗೆಲ್ಲ ಸಾರುವ ತಾಯಿಯ ಹಾಗೆ ಹೇಳಿದರು. ಆಚೆ ಔಷಧಿ ಕಿಟಕಿಯಲ್ಲಿ ನಿಂತಿದ್ದವರೂ ತಿರುಗಿ ನೋಡಿದರು.

ಮರುದಿನ ಗುರುವಾರ. ಮೇಡಂ ಕ್ಲಾಸಿಗೆ ಬಂದವರೇ ಬೋರ್ಡಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದರು: "ಇವತ್ತಿನ ವಿಷಯ: ನಿನ್ನೆ ಸಿದ್ದಲಿಂಗಮ್ಮ ತಪ್ಪಿದ್ದೆಲ್ಲಿ?" ಸೀಮೆಸುಣ್ಣವನ್ನು ಪವಿತ್ರಳ ಕೈಗಿಟ್ಟು, ಕೊನೆಯ ಬೆಂಚಿನಲ್ಲಿ ಹೋಗಿ ಹುಡುಗಿಯರ ನಡುವೆ ಕುಳಿತರು.

"ಯಾಕೆ, ಸುಮ್ಮನಾದ್ರಲ್ಲ? ಶುರು ಮಾಡೇ ಪವಿತ್ರ. ನನ್ನ ಹೆಸರು ಬಂದಾಗ ದನಿ ಇಳಿಸಬೇಡ, ಹಿಂದಿನ ಬೆಂಚಿಗೂ ಕೇಳಬೇಕು."